ಹತ್ತು ಬಟ್ಟೆಗಳ ಲೆಕ್ಕ

ಆ ಬೀದಿಯವರೆಲ್ಲ ಅವನನ್ನು ನಿದ್ದೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹಾಗಂತ ಅವನು ಸೋಮಾರಿಯೇನಲ್ಲ. ಬೇರೆ ಮೆಕ್ಯಾನಿಕ್‌ಗಳು ಗಾಡಿ ಬಂದ ಕೂಡಲೇ ಬಾನೆಟ್ ಎತ್ತಿ, ಅರ್ಧ ಮೈ ಒಳಗೆ ತೂರಿಸಿ, ಅದು ತಾ ಇದು ತಾ ಎಂದು ಕೂಗಾಡುತ್ತಿದ್ದರೆ, ಇವನು ಮಾತ್ರ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡು, ಕಣ್ಣು ಮುಚ್ಚಿ "ಹೂಂ, ಓಡ್ಸಿ" ಎನ್ನುತ್ತಿದ್ದ. ಒಮ್ಮೊಮ್ಮೆ ಸಣ್ಣಗೆ ಗೊರಕೆಯೂ ಕೇಳಿಸುತ್ತಿತ್ತು. ಹೊಸ ಗಿರಾಕಿಗಳು ಇದೇನು ಗ್ರಹಚಾರ ಎಂದು ಒಳಗೊಳಗೇ ಗೊಣಗಿಕೊಂಡು ಗಾಡಿ ಓಡಿಸುತ್ತಿದ್ದರು. ನಾಲ್ಕು ಮೈಲಿ ಸುತ್ತಿ ಬಂದಾಗ ಅವನು ಕಣ್ಣು ಬಿಟ್ಟು, "ಮೂರನೇ ನಾಝಲ್ ಸೋರ್ತಿದೆ" ಎಂದೋ, "ಮುಂದಿನ ಚಕ್ರದ ಬೇರಿಂಗ್ ಅಳ್ತಾ ಇದೆ" ಎಂದೋ ಹೇಳಿ ಇಳಿಯುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ನಲವತ್ತು ವರ್ಷದಲ್ಲಿ ಅವನ ಮಾತು ತಪ್ಪಿದ್ದು ಬೆರಳೆಣಿಕೆಯಷ್ಟು ಸಲ. ಅದರಲ್ಲಿ ಅವನು ಬಾಯಿಬಿಟ್ಟು ಒಪ್ಪಿಕೊಂಡದ್ದು ಒಂದೂ ಇಲ್ಲ.

ಕಣ್ಣು ಮುಚ್ಚಿದಾಗ ನಿಮಗೇನು ಕಾಣುತ್ತದೆ ಎಂದು ಒಮ್ಮೆ ಹೆಂಡತಿ ಕೇಳಿದ್ದಳು.

"ಡೀಸೆಲ್ ಹೋಗೋ ದಾರಿ ಕಾಣುತ್ತೆ ಕಣೆ."

"ಅದಕ್ಕೇ ಸಂಜೆ ಆದ್ರೆ ಮನೆ ದಾರಿ ಕಾಣಲ್ಲ ನಿಮಗೆ" ಎಂದು ಅವಳು ನಕ್ಕಿದ್ದಳು.

ಅವನು ಹೇಳಿದ್ದು ನಿಜವೇ. ಟ್ಯಾಂಕಿನ ಕತ್ತಲಿನಿಂದ ಹೊರಟ ಡೀಸೆಲ್ ಪೈಪಿನೊಳಗೆ ತೆಳ್ಳಗೆ ಹರಿದು, ಫೀಡ್ ಪಂಪಿನ ಬಾಯಿಗೆ ಬಂದು, ಫಿಲ್ಟರಿನ ಮಡಿಕೆಗಳಲ್ಲಿ ಸೋಸಿ ಇಳಿದು, ದೊಡ್ಡ ಪಂಪಿನಲ್ಲಿ ಒತ್ತಿಸಿಕೊಂಡು, ನಾಝಲ್‌ಗಳಿಂದ ಮಂಜಿನಂತೆ ಚಿಮ್ಮಿ ಉರಿದುಹೋಗುವವರೆಗೆ ಅವನೂ ಅದರ ಜೊತೆಯಲ್ಲೇ ಸಾಗುತ್ತಿದ್ದ. ಎಲ್ಲಿ ಅದಕ್ಕೆ ದಾರಿ ತಪ್ಪುತ್ತದೋ ಅಲ್ಲಿ ಇವನ ಉಸಿರೂ ಒಂದು ಗಳಿಗೆ ನಿಲ್ಲುತ್ತಿತ್ತು. ಅದನ್ನು ನಿದ್ದೆ ಎನ್ನುವವರು ಎನ್ನಲಿ, ಎಚ್ಚರ ಎನ್ನುವವರು ಎನ್ನಲಿ, ಅವನಿಗೆ ಅದರ ಹೆಸರಿನ ಗೊಡವೆ ಇರಲಿಲ್ಲ.

ಶೆಡ್ಡಿನ ತಗಡಿನ ಛಾವಣಿಯಲ್ಲಿ ಎರಡು ತೂತುಗಳಿದ್ದವು. ಅವುಗಳಿಂದ ಬಿದ್ದ ಬಿಸಿಲಿನ ಎರಡು ಬಿಲ್ಲೆಗಳು ಬೆಳಿಗ್ಗೆ ಬಾಗಿಲ ಬಳಿ ಹುಟ್ಟಿ, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ನಿಧಾನವಾಗಿ ಸರಿದು, ನಾಲ್ಕು ಗಂಟೆಯ ಹೊತ್ತಿಗೆ ಮೂಲೆಯಲ್ಲಿದ್ದ ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ಹತ್ತುತ್ತಿದ್ದವು. ಅದು ಹೆಂಡತಿಯ ಮಿಷನ್ನು. ಡೀಸೆಲ್ ಶೆಡ್ಡಿನಲ್ಲಿ ಹೊಲಿಗೆ ಮಿಷನ್ನಿಗೇನು ಕೆಲಸ ಎಂದು ಕೇಳಿದವರಿಗೆ ಅವಳು ಒಂದು ಒರೆಸುವ ಬಟ್ಟೆ ಎತ್ತಿ ತೋರಿಸುತ್ತಿದ್ದಳು. ಹಳೆಯ ಪರದೆ, ಹೊದಿಕೆ, ಸವೆದ ಅಂಗಿ, ಏನು ಸಿಕ್ಕರೂ ಮೊಳದಗಲಕ್ಕೆ ಕತ್ತರಿಸಿ ನಾಲ್ಕೂ ಅಂಚು ಮಡಚಿ ಹೊಲಿಯುತ್ತಿದ್ದಳು. ಅಂಚಿನ ಒಂದು ನೂಲು ಬಿಚ್ಚಿ ಡೀಸೆಲ್‌ಗೆ ಬಿದ್ದರೆ ಸಾಕು, ನಾಝಲ್ ಕಟ್ಟಿಕೊಂಡು ಒಂದು ದಿನದ ಕೆಲಸ ಮಣ್ಣುಪಾಲು. ಹೊಲಿಗೆ ಮುಗಿಯುವ ಮೂಲೆಯಲ್ಲಿ ಮೂರು ಹೊಲಿಗೆ ಹಿಂದಕ್ಕೆ ಹೋಗಿ ಗಂಟು ಹಾಕುವುದು ಅವಳ ರೂಢಿ.

ಬೆಳಿಗ್ಗೆ ಹತ್ತು ಬಟ್ಟೆ ಎಣಿಸಿ ಕೊಡುತ್ತಿದ್ದಳು, ಸಂಜೆ ಹತ್ತು ಎಣಿಸಿ ತೆಗೆದುಕೊಳ್ಳುತ್ತಿದ್ದಳು. ಒಂಬತ್ತೇ ಬಂದರೆ ಯಾರೂ ಮನೆಗೆ ಹೋಗುವಂತಿಲ್ಲ. ಎಂಜಿನ್ನಿನೊಳಗೆ ಮರೆತ ಬಟ್ಟೆಗಿಂತ ಕೆಟ್ಟ ಶತ್ರು ಇನ್ನೊಂದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹುಡುಕಿದ ಮೇಲೆ ಇನ್ನೊಂದು ನಿಯಮ. ಯಾರು ಮರೆತಿದ್ದರೋ ಅವರು ಎಲ್ಲಿ ಸಿಕ್ಕಿತು ಎಂದು ಎಲ್ಲರೆದುರು ಜೋರಾಗಿ ಹೇಳಬೇಕು. ಅವಳ ತಮ್ಮ, ಅಂದರೆ ಮೇಸ್ತ್ರಿಯ ಭಾಮೈದ, ಕೆಲಸ ಕಲಿಯುವಾಗ ಹಾಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ. "ಗಾಳಿ ಪೈಪಲ್ಲಿ, ನಾನು ಮರೆತಿದ್ದು" ಎಂದು ಕಿವಿ ಕೆಂಪಗೆ ಮಾಡಿಕೊಂಡು ಹೇಳುತ್ತಿದ್ದ. ಮರೆತದ್ದು ಮೇಸ್ತ್ರಿಯಾದಾಗ ಮಾತ್ರ ಅವಳು ಒಮ್ಮೆ ಕೆಮ್ಮಿ, ಬಟ್ಟೆಯನ್ನು ತಾನೇ ಹುಡುಕಿ, ಸುಮ್ಮನೆ ಉಳಿದವುಗಳ ಕೆಳಗೆ ಸೇರಿಸಿಬಿಡುತ್ತಿದ್ದಳು. ಗಂಡನ ಮರ್ಯಾದೆ ಕಾಯುವುದರಲ್ಲಿ ಅವಳು ಅಷ್ಟು ಪಕ್ಕಾ.

ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಆಮೇಲೆ ಶೆಡ್ಡಿನಲ್ಲಿ ಯಾರೂ ಬಟ್ಟೆ ಎಣಿಸಲಿಲ್ಲ. ಆರು ತಿಂಗಳು ಕಳೆದ ಮೇಲೆ ಭಾಮೈದ ಬಂದು, ಬೀದಿಯ ಆ ತುದಿಯಲ್ಲಿ ಒಂದು ಜಾಗ ಸಿಕ್ಕಿದೆ, ಬರೀ ಪಂಪಿನ ಕೆಲಸ ಮಾಡಬೇಕು ಅಂತಿದ್ದೀನಿ ಭಾವ, ಎಂದ. "ಹೋಗು, ಯಾರು ಬೇಡ ಅಂದ್ರು" ಎಂದು ಮೇಸ್ತ್ರಿ ಮುಖ ಕೂಡ ಎತ್ತದೆ ಹೇಳಿದ. ಒಳಗೆ ಮಾತ್ರ ಅವನಿಗೆ ತಡೆಯಲಾರದಷ್ಟು ನೋವಾಗಿತ್ತು. ಹದಿನೆಂಟು ವರ್ಷ ಜೊತೆಗಿದ್ದವನು, ಅಕ್ಕ ಹೋದ ಕೂಡಲೇ ತಾನೂ ಹೋದ ಎನ್ನಿಸಿತು. ಅಂದಿನಿಂದ ಅವರಿಬ್ಬರ ನಡುವೆ ಮಾತು ಎಷ್ಟು ಬೇಕೋ ಅಷ್ಟೇ.

ಇಷ್ಟು ಗೊತ್ತಿದ್ದರೆ ಜೇನಕ್ಕನ ಪಿಕಪ್ಪಿನ ಕಥೆ ಅರ್ಥವಾಗುತ್ತದೆ.

ಜೇನಕ್ಕ ಎಂದರೆ ಜೇನು ಸಾಕುವವಳು. ಐವತ್ತು ದಾಟಿದ, ಬಿಸಿಲಿಗೆ ಒಣಗಿದ ಗಟ್ಟಿ ಹೆಂಗಸು. ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹೂವು ಎಲ್ಲಿ ಬಿಡುತ್ತದೋ ಅಲ್ಲಿಗೆ ತನ್ನ ನಲವತ್ತು ಪೆಟ್ಟಿಗೆಗಳನ್ನು ಒಯ್ದು ಇಡುವುದು ಅವಳ ಬದುಕು. ಸಂಜೆ ಹುಳುಗಳೆಲ್ಲ ಮರಳಿದ ಮೇಲೆ ಪೆಟ್ಟಿಗೆಯ ಬಾಯಿ ಮುಚ್ಚಿ, ಬೆಳಕು ಹರಿಯುವ ಹೊತ್ತಿಗೆ ಪಿಕಪ್ಪಿಗೆ ಹೇರಿಕೊಂಡು, ಬಿಸಿಲು ಏರುವ ಮೊದಲು ತಲುಪಬೇಕು. ಮುಚ್ಚಿದ ಪೆಟ್ಟಿಗೆ ಬಿಸಿಲಿಗೆ ನಿಂತರೆ ಮೇಣ ಕರಗಿ, ಹುಳು ಉಸಿರುಕಟ್ಟಿ ಸಾಯುತ್ತವೆ. ಅವಳ ಪಿಕಪ್ಪು ಇಪ್ಪತ್ತೇಳು ವರ್ಷದ ಹಳೆಯ ಡೀಸೆಲ್ ಗಾಡಿ. ಅದರ ನೀಲಿಯನ್ನು ಬಿಸಿಲು ಯಾವಾಗಲೋ ಕುಡಿದಿತ್ತು, ಆದರೆ ಎಂಜಿನ್ ಮಾತ್ರ ಹಟ ಹಿಡಿದವರಂತೆ ದುಡಿಯುತ್ತಿತ್ತು.

ಒಂದು ತಿಂಗಳ ಹಿಂದೆ ಅದು ಕಪ್ಪು ಹೊಗೆ ಉಗುಳತೊಡಗಿದಾಗ ಅವಳು ಭಾಮೈದನ ಶೆಡ್ಡಿಗೆ ಹೋದಳು. ಪಂಪು ಪರೀಕ್ಷಿಸುವ ಬೆಂಚು ಆ ಬೀದಿಯಲ್ಲಿದ್ದುದು ಅವನಲ್ಲಿ ಮಾತ್ರ. ಅವನು ಎರಡು ದಿನ ಕೂತು ದೊಡ್ಡ ಪಂಪು, ಫೀಡ್ ಪಂಪು ಎರಡನ್ನೂ ಬಿಚ್ಚಿ, ಹೊಸ ವಾಲ್ವು ಹಾಕಿ ಜೋಡಿಸಿದ. ಹೊಗೆ ನಿಂತಿತು. ಗಾಡಿ ಹತ್ತು ವರ್ಷ ಚಿಕ್ಕದಾಯಿತು ಎಂದು ಜೇನಕ್ಕನೇ ಹೇಳಿಕೊಂಡು ಓಡಾಡಿದಳು. ಮೂರು ವಾರ ಕಳೆದಿರಬೇಕು, ಗುಡ್ಡದಾಚೆಯ ಸೂರ್ಯಕಾಂತಿ ಹೊಲಗಳಿಗೆ ಮೊದಲ ಹದಿನಾರು ಪೆಟ್ಟಿಗೆ ಒಯ್ಯುವಾಗ, ಏರಿನ ಮೂರನೇ ತಿರುವಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಸೋತು ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿದರೆ ಏನೂ ಆಗದಂತೆ ಶುರುವಾಯಿತು. ಮತ್ತೆ ನಿಂತಿತು. ಹೀಗೆ ನಾಲ್ಕು ಸಲ. ಗುಡ್ಡ ದಾಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು, ಆರು ಪೆಟ್ಟಿಗೆಗಳೊಳಗೆ ಹುಳುಗಳ ಸದ್ದೇ ನಿಂತುಹೋಗಿತ್ತು.

ಅವಳು ಅಳುಮುಖ ಮಾಡಿಕೊಂಡು ಮೇಸ್ತ್ರಿಯ ಶೆಡ್ಡಿಗೆ ಬಂದಾಗ ಅವನು ಗಾಡಿಯಲ್ಲಿ ಕೂರಲಿಲ್ಲ, ಕಣ್ಣು ಮುಚ್ಚಲಿಲ್ಲ. ಕೂತಲ್ಲಿಂದ ಏಳದೆಯೇ, "ಪಂಪ್ ಬಿಚ್ಚಿದವನ ಕೈ ಅದು, ಇನ್ನೇನು" ಎಂದುಬಿಟ್ಟ.

ನಿದ್ದೆ ಮೇಸ್ತ್ರಿ ಹೇಳಿದ ಎಂದರೆ ಆ ಬೀದಿಯಲ್ಲಿ ಅದಕ್ಕೆ ಮೇಲೆ ಮಾತಿಲ್ಲ. ಜೇನಕ್ಕ ತನ್ನ ಮನೆ ಸೇರುವ ಮೊದಲೇ ಆ ಮಾತು ಬೀದಿಯ ತುದಿ ಮುಟ್ಟಿತ್ತು. ಭಾಮೈದನ ಶೆಡ್ಡಿನೆದುರು ಸರದಿ ಕಾಯುತ್ತಿದ್ದ ಎರಡು ಲಾರಿಗಳು ಮಾರನೇ ದಿನ ಅಲ್ಲಿರಲಿಲ್ಲ. ವಾರ ಕಳೆಯುವುದರಲ್ಲಿ, ಅವನು ಪಂಪಿನ ಬೆಂಚು ಮಾರಿ ಯಾವುದೋ ಲಾರಿಗೆ ಡ್ರೈವರ್ ಆಗಿ ಹೋಗುತ್ತಾನಂತೆ ಎಂಬ ಸುದ್ದಿ ಹಬ್ಬಿತು. ಅವನು ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಜೇನಕ್ಕ ಸಿಕ್ಕಾಗ ಒಂದೇ ಒಂದು ಮಾತು ಕೇಳಿದ.

"ಭಾವ ಗಾಡೀಲಿ ಕೂತು ನೋಡಿ ಹೇಳಿದ್ರಾ?"

ಆ ಪ್ರಶ್ನೆಯೇ ಜೇನಕ್ಕನನ್ನು ಒಂದು ಬೆಳಿಗ್ಗೆ ಗಾಡಿ ಸಮೇತ ಮೇಸ್ತ್ರಿಯ ಬಾಗಿಲಿಗೆ ತಂದು ನಿಲ್ಲಿಸಿತು.

"ಮೇಸ್ತ್ರಿ, ಕೂತ್ಕೊಳಿ. ಕೂತು ನೋಡಿ ಹೇಳಿ" ಎಂದಳು. "ನಾಳೆ ಬೆಳಿಗ್ಗೆ ಉಳಿದ ಪೆಟ್ಟಿಗೆ ಗುಡ್ಡದ ಆಚೆ ಹೋಗ್ಲೇಬೇಕು. ಹೂವು ಇನ್ನೊಂದು ಹತ್ತು ದಿನ ಇದ್ರೆ ಹೆಚ್ಚು. ಇನ್ನೊಂದು ಸಲ ದಾರೀಲಿ ನಿಂತ್ರೆ ನಾನು ಈ ಕೆಲಸಾನೇ ಬಿಡ್ತೀನಿ."

ಮೇಸ್ತ್ರಿ ಕೈ ಒರೆಸಿಕೊಂಡು ಎದ್ದ. ಪಕ್ಕದ ಸೀಟಿನಲ್ಲಿ ಮೇಣದ ವಾಸನೆ, ಹುಳುಗಳಿಗೆ ಹೊಗೆ ಹಾಕುವ ಡಬ್ಬಿಯ ವಾಸನೆ. ಕನ್ನಡಿಯ ಹಿಂದೆ ಒಂದು ಸತ್ತ ಜೇನುಹುಳು. ಅವನು ಕಣ್ಣು ಮುಚ್ಚಿದ.

ಊರು ದಾಟುವವರೆಗೆ ಎಂಜಿನ್ ಒಂದೇ ಹದದಲ್ಲಿ ಗುನುಗುತ್ತಿತ್ತು. ಆ ಗುನುಗಿನಲ್ಲಿ ಅವನು ತೇಲಿದ. ಡೀಸೆಲ್ ಟ್ಯಾಂಕಿನಿಂದ ಹೊರಟಿತು, ಅವನೂ ಹೊರಟ. ಪೈಪಿನ ಉದ್ದಕ್ಕೂ ತಣ್ಣಗಿತ್ತು. ಪಂಪಿನ ಬಾಯಲ್ಲಿ ಹೊಸ ವಾಲ್ವುಗಳು ಪಟಪಟ ಎನ್ನುತ್ತಿದ್ದವು, ಚೊಕ್ಕವಾಗಿ. ಫಿಲ್ಟರು, ದೊಡ್ಡ ಪಂಪು, ನಾಝಲ್ಲು, ಎಲ್ಲ ಕಡೆಯೂ ದಾರಿ ನುಣ್ಣಗಿತ್ತು. ಏರು ಶುರುವಾಯಿತು. ಗಾಡಿ ಹಿಂದಕ್ಕೆ ವಾಲಿತು, ಟ್ಯಾಂಕಿನಲ್ಲಿ ಡೀಸೆಲ್ ಒಂದು ಕಡೆಗೆ ಸರಿಯಿತು, ಅದರ ಜೊತೆ ಇನ್ನೇನೋ ಮೆಲ್ಲಗೆ ಸರಿದಂತೆ ಅವನಿಗೆ ಕಂಡಿತು. ಮೂರನೇ ತಿರುವಿನಲ್ಲಿ ಎಂಜಿನ್ನಿನ ದನಿ ತೆಳುವಾಯಿತು, ಎರಡು ಸಲ ಬಿಕ್ಕಿತು, ನಿಂತಿತು. ಮೇಸ್ತ್ರಿಯ ಉಸಿರೂ ನಿಂತಿತ್ತು.

"ಹೊಗೆ ಬಂತಾ?" ಕಣ್ಣು ಬಿಡದೆಯೇ ಕೇಳಿದ.

"ಇಲ್ಲ. ಕರಿನೂ ಇಲ್ಲ, ಬಿಳಿನೂ ಇಲ್ಲ."

ಹೊಗೆ ಇಲ್ಲವೆಂದರೆ ಒಳಗೆ ಡೀಸೆಲ್ಲೇ ಇಲ್ಲ. ಅವನು ಇಳಿದು ಬಾನೆಟ್ ಎತ್ತಿ ಫೀಡ್ ಪಂಪಿನ ಮೇಲಿರುವ ಕೈಪಂಪಿನ ಗುಂಡಿಗೆ ಬೆರಳು ಹಾಕಿದ. ಮೇಲೆ ಎಳೆದರೆ ಅದು ಬರಲೊಲ್ಲದು, ಒಳಗಿನಿಂದ ಯಾರೋ ಹಿಡಿದುಕೊಂಡಂತೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿದ, ಗಾಳಿಯ ಒಂದು ಗುಳ್ಳೆಯೂ ಬರಲಿಲ್ಲ. ಪೈಪು ಎಲ್ಲೂ ಗಾಳಿ ಎಳೆಯುತ್ತಿಲ್ಲ. ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ಕಾದ. ಗುಡ್ಡದ ಕೆಳಗೆ ಬೀದಿ, ಶೆಡ್ಡುಗಳ ತಗಡು, ಎಲ್ಲ ಬಿಸಿಲಿಗೆ ಹೊಳೆಯುತ್ತಾ ನಿದ್ದೆಗಣ್ಣಿನಲ್ಲಿ ಕಂಡಂತೆ ಕಾಣುತ್ತಿದ್ದವು. ಐದಾರು ನಿಮಿಷದ ಮೇಲೆ ಟ್ಯಾಂಕಿನ ಒಳಗಿನಿಂದ ಗುಳುಕ್ ಎಂದು ಒಂದು ಸಣ್ಣ ಸದ್ದು ಬಂತು. ಗುಂಡಿ ಎಳೆದು ನೋಡಿದ. ಸರಾಗವಾಗಿ ಮೇಲೆ ಬಂತು. ಗಾಡಿ ಒಂದೇ ಸಲಕ್ಕೆ ಶುರುವಾಯಿತು.

ಟ್ಯಾಂಕಿನೊಳಗೇ ಏನೋ ದಾರಿ ಕಟ್ಟುತ್ತಿದೆ ಎಂದು ಅಲ್ಲೇ ಅವನಿಗೆ ಮುಕ್ಕಾಲು ಪಾಲು ಗೊತ್ತಾಗಿತ್ತು. ಆದರೂ ಮನಸ್ಸು ಒಪ್ಪದೆ ಶೆಡ್ಡಿಗೆ ವಾಪಸ್ ಬಂದು, ಟ್ಯಾಂಕಿನ ಪೈಪು ಬಿಚ್ಚಿ, ಸೀಟಿನ ಹಿಂದೆ ಒಂದು ಕ್ಯಾನು ಡೀಸೆಲ್ ಕಟ್ಟಿ, ಅದರಿಂದ ನೇರವಾಗಿ ಪಂಪಿಗೆ ಹೊಸ ಪೈಪು ಎಳೆದ. ಮತ್ತೆ ಗುಡ್ಡಕ್ಕೆ ಹೋದರು. ಗಾಡಿ ಮೂರನೇ ತಿರುವು, ನಾಲ್ಕನೆಯದು, ಐದನೆಯದು ಎಲ್ಲವನ್ನೂ ಹಾಡಿಕೊಂಡು ಹತ್ತಿತು. ಇಪ್ಪತ್ತು ವರ್ಷದಿಂದ ಅವನು ಆ ಎಂಜಿನ್ ಕೇಳುತ್ತಿದ್ದ, ಪಂಪು ಇಷ್ಟು ಚೆನ್ನಾಗಿ ಎಳೆದದ್ದನ್ನು ಎಂದೂ ಕೇಳಿರಲಿಲ್ಲ.

"ಅಂದ್ರೆ ಪಂಪಿನ ತಪ್ಪಲ್ಲ?" ಜೇನಕ್ಕ ಕೇಳಿದಳು.

"ನೋಡೋಣ, ಟ್ಯಾಂಕ್ ಬಿಚ್ಚಬೇಕು" ಎಂದು ಮೇಸ್ತ್ರಿ ಕಿಟಕಿಯ ಕಡೆ ತಿರುಗಿದ.

ಅವಳು ಗಾಡಿ ಬಿಟ್ಟು, ಸಂಜೆ ಬರುತ್ತೇನೆ ಎಂದು ಪೆಟ್ಟಿಗೆ ನೋಡಲು ಮನೆಗೆ ಹೋದಳು. ಮೇಸ್ತ್ರಿ ಒಬ್ಬನೇ ಟ್ಯಾಂಕಿನ ಡೀಸೆಲ್ಲನ್ನೆಲ್ಲ ಕ್ಯಾನುಗಳಿಗೆ ಇಳಿಸಿದ. ಒಂದು ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ, ಡೀಸೆಲ್ ತುಂಬುವ ಬಾಯಿಯಿಂದ ಒಳಗೆ ಬಿಟ್ಟು ಮೆಲ್ಲಗೆ ತಡಕಾಡಿದ. ತಂತಿಗೆ ಏನೋ ಮೆತ್ತಗೆ ಸಿಕ್ಕಿತು. ಎಳೆದ. ಅದು ಬಂತು, ತೊಟ್ಟಿಕ್ಕುತ್ತಾ, ಬಾಯಿಯಲ್ಲಿ ಒಂದಿಷ್ಟು ಸಿಕ್ಕಿಕೊಂಡು, ಆಮೇಲೆ ಪೂರ್ತಿ ಹೊರಗೆ.

ಮೊಳದಗಲದ ಒಂದು ಬಟ್ಟೆ. ಹಿಂಡಿದರೆ ಬಣ್ಣ ಗೊತ್ತಾಯಿತು. ಹಳದಿ, ಅದರ ಮೇಲೆ ನೀಲಿ ಚಿಕ್ಕ ಹೂವು. ತನ್ನದೇ ಮನೆಯ ಅಡುಗೆಕೋಣೆಯ ಕಿಟಕಿಗೆ ಹಿಂದೆ ಇದ್ದ ಪರದೆ. ನಾಲ್ಕೂ ಅಂಚು ಮಡಚಿ ಹೊಲಿದದ್ದು. ಮೂಲೆಯಲ್ಲಿ ಮೂರು ಹೊಲಿಗೆ ಹಿಂದಕ್ಕೆ ಹೋಗಿ ಗಂಟು.

ಮೇಸ್ತ್ರಿ ನೆಲದ ಮೇಲೆ ಕೂತುಬಿಟ್ಟ. ಎಲ್ಲ ನೆನಪಾಯಿತು. ಹಿಂದಿನ ವರ್ಷ ಈ ಗಾಡಿಯ ಟ್ಯಾಂಕಿನ ಮುಚ್ಚಳ ಎಲ್ಲೋ ಬಿದ್ದು ಕಳೆದಿತ್ತು. ಹೊಸದು ಬರುವವರೆಗೆ ಇರಲಿ ಎಂದು ಇವನೇ ಒಂದು ಬಟ್ಟೆ ಸುತ್ತಿ ಬಾಯಿಗೆ ತುರುಕಿದ್ದ. ಅದಕ್ಕೂ ಮೊದಲೊಮ್ಮೆ, ಕ್ಯಾನಿನಿಂದ ಡೀಸೆಲ್ ಬೇಗ ಇಳಿಯಲಿ ಎಂದು ಅಲ್ಲಿದ್ದ ಜಾಲರಿಯನ್ನು ಕಿತ್ತು ಎಸೆದವನೂ ಇವನೇ. ಹೊಸ ಮುಚ್ಚಳ ಹಾಕುವ ದಿನ ನೋಡಿದರೆ ಬಟ್ಟೆ ಇರಲಿಲ್ಲ. "ದಾರೀಲಿ ಎಲ್ಲೋ ಬಿದ್ದಿರಬೇಕು ಬಿಡಿ" ಎಂದು ಜೇನಕ್ಕನಿಗೆ ಹೇಳಿ ಮುಚ್ಚಳ ತಿರುಗಿಸಿದ್ದ. ಅವತ್ತು ಸಂಜೆ ಎಣಿಸಲು ಯಾರೂ ಇರಲಿಲ್ಲ.

ಒಂದು ವರ್ಷ ಆ ಬಟ್ಟೆ ಟ್ಯಾಂಕಿನ ತಳದಲ್ಲಿ ಸುಮ್ಮನೆ ಮಲಗಿತ್ತು. ಮುದಿಯಾದ ಹಳೇ ಪಂಪಿಗೆ ಅದನ್ನು ಎಳೆಯುವ ಶಕ್ತಿ ಇರಲಿಲ್ಲ. ಭಾಮೈದ ಹೊಸ ವಾಲ್ವು ಹಾಕಿ ಪಂಪನ್ನು ಗಟ್ಟಿ ಮಾಡಿದ. ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿದಾಗ ಬಟ್ಟೆಯೂ ಸರಿದು ಪೈಪಿನ ಬಾಯಿಗೆ ಬಂತು, ಪಂಪು ಅದನ್ನು ಗಬಕ್ಕನೆ ಎಳೆದು ಹಿಡಿದುಕೊಂಡಿತು. ಎಂಜಿನ್ ನಿಂತ ಮೇಲೆ ಎಳೆತ ಸಡಿಲಾಗಿ ಬಟ್ಟೆ ತೇಲಿ ಹೋಗುತ್ತಿತ್ತು. ಭಾಮೈದನ ಕೆಲಸ ಕೆಟ್ಟದ್ದಾಗಿದ್ದರೆ ಗಾಡಿ ನಿಲ್ಲುತ್ತಲೇ ಇರಲಿಲ್ಲ. ಅದು ಚೆನ್ನಾಗಿದ್ದದ್ದಕ್ಕೇ ನಿಂತಿತು.

ಈ ಯೋಚನೆ ಬಂದಾಗ ಮೇಸ್ತ್ರಿಗೆ ನಗು ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು. ಜೊತೆಗೇ ಇನ್ನೊಂದು ಆಸೆಯೂ ಹುಟ್ಟಿತು, ಅದನ್ನು ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ. ಶೆಡ್ಡಿನಲ್ಲಿ ಯಾರೂ ಇಲ್ಲ. ಬಟ್ಟೆ ಜೇಬಿಗೆ ಹಾಕಿಕೊಂಡು, ಟ್ಯಾಂಕಲ್ಲಿ ಕಸ ಸೇರಿತ್ತು, ತೆಗೆದೆ, ಎಂದರೆ ಮುಗಿಯಿತು. ಸುಳ್ಳೂ ಅಲ್ಲ. ಗಾಡಿ ಓಡುತ್ತದೆ, ಜೇನಕ್ಕ ಖುಷಿಯಾಗುತ್ತಾಳೆ, ಭಾಮೈದನ ಹೆಸರು ಹೇಗೋ ನಿಧಾನವಾಗಿ ತೊಳೆದುಹೋಗುತ್ತದೆ. ನಲವತ್ತು ವರ್ಷದ ಹೆಸರು ಉಳಿಯುತ್ತದೆ.

ಅವನು ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಟ್ಯಾಂಕು ತೊಳೆದು ಜೋಡಿಸಿದ, ಡೀಸೆಲ್ ಸೋಸಿ ತುಂಬಿದ, ಪೈಪು ಬಿಗಿದ. ಅಷ್ಟು ಹೊತ್ತಿಗೆ ಬಿಸಿಲಿನ ಎರಡು ಬಿಲ್ಲೆಗಳು ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ಹತ್ತಿದ್ದವು. ಅವನಿಗೆ ತುಂಬಾ ಆಯಾಸವಾಗಿತ್ತು. ಪಿಕಪ್ಪಿನ ಪಕ್ಕದ ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡು ಕಣ್ಣು ಮುಚ್ಚಿದ.

ಎಂಜಿನ್ ಓಡುತ್ತಿರಲಿಲ್ಲ. ಆದರೂ ಏನೋ ಓಡುವ ಸದ್ದು. ಕಿವಿಗೊಟ್ಟ. ಹೊಲಿಗೆ ಮಿಷನ್ನು. ಅವಳು ಬೆನ್ನು ಹಾಕಿ ಕೂತಿದ್ದಳು, ಮಡಿಲ ತುಂಬ ಹಳದಿ ಪರದೆ. ಅದು ಅವಳ ಮಡಿಲಿನಿಂದ ಇಳಿದು, ನೆಲದ ಮೇಲೆ ಹರಿದು, ಗಾಡಿಯ ಚಕ್ರದವರೆಗೂ ಬಂದಿತ್ತು.

"ಎಷ್ಟು?" ಕೇಳಿದಳು, ತಿರುಗದೆಯೇ.

"ಒಂಬತ್ತಿತ್ತು. ಈಗ ಹತ್ತು. ಸಿಕ್ತು."

"ಎಲ್ಲಿ ಸಿಕ್ತು?"

ಅವಳು ಕೆಮ್ಮುತ್ತಾಳೆ, ಎಂದಿನಂತೆ ಕೆಮ್ಮಿ ಬಟ್ಟೆಯನ್ನು ಉಳಿದವುಗಳ ಕೆಳಗೆ ಸೇರಿಸುತ್ತಾಳೆ ಎಂದು ಅವನು ಕಾದ. ಮಿಷನ್ನು ನಿಂತಿತು. ಅವಳು ಕೆಮ್ಮಲಿಲ್ಲ. ಬೆನ್ನು ಹಾಕಿದ ಹಾಗೇ ಕೂತು ಕಾಯುತ್ತಿದ್ದಳು, ಎಷ್ಟು ಹೊತ್ತಾದರೂ ಕಾಯುವವಳ ಹಾಗೆ.

"ಮೇಸ್ತ್ರಿ, ಮಲಗಿಬಿಟ್ರಾ?" ಜೇನಕ್ಕ ಕಿಟಕಿ ತಟ್ಟುತ್ತಿದ್ದಳು.

ಅವನು ಕಣ್ಣು ಬಿಟ್ಟ. ಪೆಡಲ್ ಮೇಲೆ ಬಿಸಿಲಿರಲಿಲ್ಲ. ಜೇಬು ಒದ್ದೆಯಾಗಿ, ಡೀಸೆಲ್ ತೊಡೆಗೆ ಇಳಿದು ಉರಿಯುತ್ತಿತ್ತು.

"ಏನಿತ್ತು ಟ್ಯಾಂಕಲ್ಲಿ?" ಎಂದಳು ಜೇನಕ್ಕ.

"ಗಾಡಿ ಹತ್ತಿ, ಶುರು ಮಾಡಿ. ಅಲ್ಲಿ ಹೋಗಿ ಹೇಳ್ತೀನಿ."

"ಎಲ್ಲಿಗೆ?"

"ಅವನ ಶೆಡ್ಡಿಗೆ."

ಬೀದಿಯ ಈ ತುದಿಯಿಂದ ಆ ತುದಿಗೆ ಐದು ನಿಮಿಷದ ದಾರಿ. ಎರಡೂವರೆ ವರ್ಷದಲ್ಲಿ ಅವನು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಟೈರ್ ಅಂಗಡಿಯವನು, ಕ್ಷೌರದ ಅಂಗಡಿಯಲ್ಲಿ ಸೋಪು ಮೆತ್ತಿಸಿಕೊಂಡು ಕೂತವರು, ಎಲ್ಲರೂ ಕತ್ತು ಹೊರಳಿಸಿ ನೋಡಿದರು. ಪಿಕಪ್ಪಿನಲ್ಲಿ ನಿದ್ದೆ ಮೇಸ್ತ್ರಿ ಕೂತಿದ್ದಾನೆ, ಕಣ್ಣು ಬಿಟ್ಟುಕೊಂಡಿದ್ದಾನೆ. ಇಲ್ಲೇನೋ ಇದೆ ಎಂದು ಇಬ್ಬರು ಮೂವರು ಹಿಂದೆಯೇ ಬಂದರು.

ಭಾಮೈದನ ಶೆಡ್ಡಿನಲ್ಲಿ ಒಂದು ಗಾಡಿಯೂ ಇರಲಿಲ್ಲ. ಪಂಪಿನ ಬೆಂಚಿಗೆ ಗೋಣಿ ಸುತ್ತಿ ಹಗ್ಗ ಕಟ್ಟಿ ಇಟ್ಟಿದ್ದ, ಯಾರೋ ಒಯ್ಯಲು ಬರುವವರಿದ್ದಂತೆ. ಗೋಡೆಯ ಉದ್ದಕ್ಕೂ ಒಂದು ತಂತಿ, ಅದರ ಮೇಲೆ ತೊಳೆದು ಹರವಿದ ಒರೆಸುವ ಬಟ್ಟೆಗಳು. ಮೇಸ್ತ್ರಿಯ ಕಣ್ಣು ತಾನಾಗಿಯೇ ಎಣಿಸಿತು. ಹತ್ತು. ಎಲ್ಲದಕ್ಕೂ ಅಂಚು ಹೊಲಿದಿತ್ತು, ಕೈಯಲ್ಲಿ, ಸೊಟ್ಟಸೊಟ್ಟಗೆ. ಗಿರಾಕಿಯೇ ಇಲ್ಲದ ಶೆಡ್ಡಿನಲ್ಲೂ ಇವನು ಎಣಿಸುತ್ತಾ ಇದ್ದಾನೆ ಎನ್ನಿಸಿತು.

"ಬನ್ನಿ ಭಾವ" ಎಂದ ಭಾಮೈದ. ಕೂರಲು ಸ್ಟೂಲು ಎಳೆದ.

ಮೇಸ್ತ್ರಿ ಕೂರಲಿಲ್ಲ. ಜೇಬಿನಿಂದ ಬಟ್ಟೆ ತೆಗೆದು, ಬಿಚ್ಚಿ, ಗೋಣಿ ಸುತ್ತಿದ ಬೆಂಚಿನ ಮೇಲೆ ಹರವಿದ. ಭಾಮೈದ ಬಗ್ಗಿ ನೋಡಿದ, ಮೂಲೆಯ ಮೂರು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಮೇಸ್ತ್ರಿ ಬಾಗಿಲ ಕಡೆ ತಿರುಗಿದ. ಅಲ್ಲಿ ಜೇನಕ್ಕ ನಿಂತಿದ್ದಳು, ಅವಳ ಹಿಂದೆ ಟೈರ್ ಅಂಗಡಿಯವನು, ಅರ್ಧ ಗಡ್ಡ ಉಳಿದ ಒಬ್ಬ.

"ಜೇನಕ್ಕನ ಗಾಡಿ ಟ್ಯಾಂಕಲ್ಲಿ" ಎಂದ ಅವನು, ಬೀದಿಗೆ ಕೇಳುವಷ್ಟು ಜೋರಾಗಿ. "ನಾನು ಮರೆತಿದ್ದು."

ಅವನ ಕಿವಿ ಕೆಂಪಗಾಗಿತ್ತು. ಆಮೇಲೆ ಎಲ್ಲವನ್ನೂ ಹೇಳಿದ. ಮುಚ್ಚಳ ಕಳೆದದ್ದು, ಜಾಲರಿ ಕಿತ್ತದ್ದು, ದಾರೀಲಿ ಬಿದ್ದಿರಬೇಕು ಎಂದದ್ದು. ಪಂಪಿನ ಕೆಲಸ ಚೊಕ್ಕವಾಗಿದೆ, ತಾನು ಗಾಡಿಯಲ್ಲಿ ಕೂರದೆ ಬಾಯಿಗೆ ಬಂದದ್ದು ಹೇಳಿದೆ, ಎಂದ.

ಜೇನಕ್ಕ ಬೆಂಚಿನ ಹತ್ತಿರ ಬಂದು ಬಟ್ಟೆಯನ್ನು ನೋಡಿದಳು.

"ಆರು ಪೆಟ್ಟಿಗೆ ಹೋಯ್ತು ಮೇಸ್ತ್ರಿ" ಎಂದಳು. "ಆರು."

"ಹೌದು."

"ಅದನ್ನ ನಾನು ಮರೆಯಲ್ಲ."

"ಮರೀಬೇಡಿ."

"ನಾಳೆ ಬೆಳಿಗ್ಗೆ ನೀವು ನನ್ ಜೊತೆ ಬರ್ಬೇಕು. ಪಕ್ಕದಲ್ಲಿ ಕೂತ್ಕೋಬೇಕು, ಕಣ್ಣು ಬಿಟ್ಕೊಂಡು."

ಅರ್ಧ ಗಡ್ಡದವನು ಕಿಸಕ್ಕನೆ ನಕ್ಕ. ಭಾಮೈದ ನಗಲಿಲ್ಲ. ಅವನು ಹಳದಿ ಬಟ್ಟೆಯನ್ನು ಎತ್ತಿ, ಸೋಪಿನ ನೀರಿನ ಬಕೆಟ್ಟಿಗೆ ಹಾಕಿ, ಅವರಿಗೆ ಬೆನ್ನು ಮಾಡಿ ನಿಧಾನವಾಗಿ ತಿಕ್ಕತೊಡಗಿದ. ಮೇಸ್ತ್ರಿ ಸ್ವಲ್ಪ ಹೊತ್ತು ಕಾದ. ಅವನು ತಿರುಗಲಿಲ್ಲ. ಮೇಸ್ತ್ರಿ ಬಂದ ದಾರಿಯಲ್ಲೇ ನಡೆದುಕೊಂಡು ಮನೆಗೆ ಹೋದ.

ಮಾರನೇ ದಿನ ಬೆಳಕು ಹರಿಯುವಾಗ ಇಪ್ಪತ್ತನಾಲ್ಕು ಪೆಟ್ಟಿಗೆ ಹೊತ್ತ ಪಿಕಪ್ಪು ಗುಡ್ಡ ಏರಿತು. ಬೆನ್ನ ಹಿಂದೆ ಸಾವಿರಾರು ಹುಳುಗಳು ಒಟ್ಟಾಗಿ ಗುಂಯ್‌ಗುಡುತ್ತಿದ್ದವು, ಆ ಸದ್ದೂ ಎಂಜಿನ್ನಿನ ಸದ್ದೂ ಬೆರೆತು ಯಾವುದು ಯಾವುದೆಂದು ತಿಳಿಯದಂತಾಗಿತ್ತು. ಕಣ್ಣು ಎಳೆಯುತ್ತಿದ್ದರೂ ಮೇಸ್ತ್ರಿ ಮುಚ್ಚಲಿಲ್ಲ. ಮೂರನೇ ತಿರುವಿನಲ್ಲಿ ಜೇನಕ್ಕ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಳು. ಗಾಡಿ ಬಿಕ್ಕಲಿಲ್ಲ. ನೆತ್ತಿ ದಾಟಿದಾಗ ಆಚೆ ಬದಿಯ ಹೊಲಗಳು ಒಮ್ಮೆಗೇ ತೆರೆದುಕೊಂಡವು. ಮಂಜಿನ ಕೆಳಗೆ ಕಣ್ಣು ಹರಿಯುವವರೆಗೂ ಹಳದಿ. ಇಷ್ಟು ವರ್ಷ ಈ ದಾರಿಯಲ್ಲಿ ಎಷ್ಟು ಗಾಡಿಯಲ್ಲಿ ಬಂದಿದ್ದನೋ, ಈ ಹೊಲವನ್ನು ಅವನು ನೋಡಿಯೇ ಇರಲಿಲ್ಲ. ಅಡುಗೆಮನೆಗೆ ಆ ಬಣ್ಣದ ಪರದೆ ಯಾಕೆ ತಂದೆ ಎಂದು ಹೆಂಡತಿಯನ್ನು ಒಮ್ಮೆಯಾದರೂ ಕೇಳಬೇಕಿತ್ತು ಎಂದುಕೊಂಡ.

ಅವರು ಮರಳಿದಾಗ ಒಂಬತ್ತು ಗಂಟೆ. ಶೆಡ್ಡಿನ ಬಾಗಿಲಲ್ಲಿ ಭಾಮೈದ ನಿಂತಿದ್ದ, ಬಿಸಿಲಿನ ಬಿಲ್ಲೆಗಳು ಅವನ ಪಾದದ ಹತ್ತಿರ ಬಿದ್ದಿದ್ದವು. ಕೈಯಲ್ಲಿ ಮಡಚಿದ ಬಟ್ಟೆಗಳ ಒಂದು ಕಟ್ಟು.

"ತಗೊಳಿ ಭಾವ, ಎಣಿಸ್ಕೊಳಿ" ಎಂದ.

ಮೇಸ್ತ್ರಿ ಎಣಿಸಿದ. ಒಂಬತ್ತು ಸೊಟ್ಟ ಹೊಲಿಗೆಯವು. ಹತ್ತನೆಯದು ಹಳದಿ, ತೊಳೆದು ಒಣಗಿಸಿ ನೀಟಾಗಿ ಮಡಚಿದ್ದು.

"ಹತ್ತಿದೆ" ಎಂದ.

"ನನ್ ಹತ್ರ ಎರಡು ಪಂಪ್ ಬಂದಿದೆ, ಬೆಳಿಗ್ಗೇನೇ ತಂದಿಟ್ಟು ಹೋದ್ರು. ಬೆಂಚಿನ ಗೋಣಿ ಬಿಚ್ಚಬೇಕು, ಬರ್ತೀನಿ." ಭಾಮೈದ ಎರಡು ಹೆಜ್ಜೆ ಹೋಗಿ ನಿಂತ. ಹೊಲಿಗೆ ಮಿಷನ್ನಿನ ಕಡೆ ಒಮ್ಮೆ ನೋಡಿದ. "ಸಂಜೆ ಆರಕ್ಕೆ ಬಂದು ಎಣಿಸಿ ತಗೊಂಡು ಹೋಗ್ತೀನಿ ಭಾವ. ಒಂದು ಕಮ್ಮಿ ಇದ್ರೂ ಇಬ್ರೂ ಮನೆಗೆ ಹೋಗಲ್ಲ."